ಕೇಬಲ್ ಬಿಲ್ಲಿನಲ್ಲಿ ನಮ್ಮೂರ ಚಾನೆಲ್‌ಗೆ ಪಾಲಿದೆಯೇ?

ತುಂಗಾತೀರ:
ಸಂಜೆ ಆರರಿಂದ ರಾತ್ರಿ ಹತ್ತೂವರೆವರೆಗೆ ಕನ್ನಡದ ದೊಡ್ಡ ಮನರಂಜನಾ ಚಾನೆಲ್‌ಗಳಲ್ಲಿ ಸಾಲು ಸಾಲು ಧಾರಾವಾಹಿ. ಸುದ್ದಿ ಚಾನೆಲ್‌ಗಳಲ್ಲಿ ಬೆಂಗಳೂರು ಬಿಟ್ಟರೆ ದೆಹಲಿ. ಎಪಿಎಂಸಿಯ ಅಡಿಕೆ ಧಾರಣೆ, ಪುರಸಭೆ ಸಭೆಯ ಜಗಳ, ನಲ್ಲಿ ನೀರು ಬಿಡುವ ದಿನ, ಊರ ಜಾತ್ರೆ, ಪ್ರೌಢಶಾಲೆಗಳ ಕ್ರೀಡಾಕೂಟ ಇವೆಲ್ಲ ಕಾಣುವುದು ಕೇಬಲ್‌ನ ಲೋಕಲ್ ಚಾನೆಲ್‌ನಲ್ಲಿ ಮಾತ್ರ. ಆದರೆ ಅವುಗಳಲ್ಲೂ ಈಗ ಹಗಲೆಲ್ಲ ಹಳೆಯ ಹಾಡು, ಕೆಳಗೆ ಅಂಗಡಿಗಳ ಸ್ಕ್ರೋಲ್ ಜಾಹೀರಾತು. ವರದಿಗಾರರನ್ನು ಇಟ್ಟುಕೊಳ್ಳುವ ಶಕ್ತಿ ಹೋಗಿದೆ.

ಕೇಳಬೇಕಾದ್ದು ಎರಡು. ನಾವು ತಿಂಗಳು ತಿಂಗಳು ಕಟ್ಟುವ ಹಣ ಯಾರಿಗೆ ಎಷ್ಟು ಹೋಗುತ್ತದೆ? ಅದರಲ್ಲಿ ಊರಿನ ಕಾರ್ಯಕ್ರಮಕ್ಕೆ ಒಂದು ಪಾಲು ತೆಗೆದಿಡುವುದು ಸಾಧ್ಯವೇ? ಲೆಕ್ಕ ಗೊತ್ತಿರುವವರು ದಯವಿಟ್ಟು ಅಂಕಿ ಹಿಡಿದು ಬರೆಯಿರಿ.

ಲೆಕ್ಕದ ಪುಸ್ತಕ:
ಒಂದು ಮನೆಯ ಬಿಲ್ ತೆಗೆದುಕೊಳ್ಳೋಣ. ಪ್ರಸಾರ ನಿಯಂತ್ರಕ ಟ್ರಾಯ್ ತಂದ ಹೊಸ ದರ ಪದ್ಧತಿ 2019ರಲ್ಲಿ ಮನೆಮನೆಗೆ ಬಂದಾಗ ನೆಟ್‌ವರ್ಕ್ ಶುಲ್ಕಕ್ಕೆ 130 ರೂಪಾಯಿ ಮಿತಿ ಇತ್ತು. ಮೊದಲು ಆ ಶುಲ್ಕಕ್ಕೆ 100 ಚಾನೆಲ್, 2020ರ ತಿದ್ದುಪಡಿಯ ನಂತರ 200. 2024ರ ಜುಲೈ ತಿದ್ದುಪಡಿ ಆ ಮಿತಿಯನ್ನೇ ತೆಗೆದುಹಾಕಿತು, ಈಗ ಆಯಾ ಕಂಪನಿ ಹೇಳಿದ್ದೇ ದರ. ಲೆಕ್ಕಕ್ಕೆ ಹಳೆಯ 130ನ್ನೇ ಇಟ್ಟುಕೊಂಡು, 19 ರೂಪಾಯಿಯ ನಾಲ್ಕು ಪೇ ಚಾನೆಲ್ ಬಿಡಿಬಿಡಿಯಾಗಿ ತೆಗೆದುಕೊಂಡ ಮನೆ ಅಂದುಕೊಳ್ಳಿ.

ನೆಟ್‌ವರ್ಕ್ ಶುಲ್ಕ 130, ಚಾನೆಲ್‌ಗಳಿಗೆ 76, ಒಟ್ಟು 206. ಶೇ. 18 ಜಿಎಸ್‌ಟಿ 37.08. ಬಿಲ್ 243.08.

ಇನ್ನು ಪಾಲು. 76ರಲ್ಲಿ ಶೇ. 20 ವಿತರಣಾ ಶುಲ್ಕವಾಗಿ, ಅಂದರೆ 15.20, ಕೇಬಲ್ ಕಡೆ ಉಳಿಯುತ್ತದೆ. ಮಿಕ್ಕ 60.80 ಚಾನೆಲ್ ಕಂಪನಿಗಳಿಗೆ. ಕೇಬಲ್ ಕಡೆಯ ಹಣವನ್ನು ಎಂಎಸ್‌ಒ (ಚಾನೆಲ್‌ಗಳನ್ನು ಒಟ್ಟುಮಾಡಿ ಆಪರೇಟರ್‌ಗಳಿಗೆ ಕೊಡುವ ದೊಡ್ಡ ಕೇಬಲ್ ಕಂಪನಿ) ಮತ್ತು ಊರಿನ ಆಪರೇಟರ್ ಹಂಚಿಕೊಳ್ಳುತ್ತಾರೆ. ಬೇರೆ ಒಪ್ಪಂದ ಆಗದಿದ್ದರೆ ಟ್ರಾಯ್‌ನ ಮಾದರಿ ಕರಾರಿನ ಪ್ರಕಾರ 55ಕ್ಕೆ 45. ಹಾಗಾಗಿ ಎಂಎಸ್‌ಒಗೆ 71.50 ಮತ್ತು 8.36 ಸೇರಿ 79.86. ಆಪರೇಟರ್‌ಗೆ 58.50 ಮತ್ತು 6.84 ಸೇರಿ 65.34.

60.80, 79.86, 65.34, 37.08. ಕೂಡಿಸಿದರೆ 243.08, ಒಂದು ಪೈಸೆಯೂ ಆಚೀಚೆ ಇಲ್ಲ. ಊರಿನ ಕಾರ್ಯಕ್ರಮ ಎಂಬ ಸಾಲು ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ. ಆಪರೇಟರ್‌ಗೆ ಮನಸ್ಸಿದ್ದರೆ ತನ್ನ 65 ರೂಪಾಯಿಯಲ್ಲಿ ಕೊಡಬೇಕು. ಅದರಲ್ಲೇ ಅವನು ಕಂಬದ ಬಾಡಿಗೆ, ಫೈಬರ್ ರಿಪೇರಿ, ಕಲೆಕ್ಷನ್ ಹುಡುಗರ ಸಂಬಳ, ಆಂಪ್ಲಿಫೈಯರ್‌ನ ಕರೆಂಟು ನೋಡಿಕೊಳ್ಳಬೇಕು.

ಒಂದು ಸೆಟ್‌ಟಾಪ್:
ಅಂದರೆ ಉದಯ, ಕಲರ್ಸ್, ಜೀ, ಸುವರ್ಣಕ್ಕೆ ನಾವು ಕೊಡುತ್ತೇವೆ, ಲೋಕಲ್ ಚಾನೆಲ್‌ಗೆ ಏನೂ ಹೋಗುವುದಿಲ್ಲ. ಸರಿ. ಆದರೆ ಲೋಕಲ್ ಚಾನೆಲ್ ತೋರಿಸಿದ್ದಕ್ಕೆ ಎಂಎಸ್‌ಒ ಆ ಚಾನೆಲ್‌ನಿಂದಲೇ ದುಡ್ಡು ಕೇಳುತ್ತದೆ ಎನ್ನುತ್ತಾರೆ. ಅದು ಯಾವ ನ್ಯಾಯ?

ಹೆಡ್‌ಎಂಡ್ ಕೋಣೆ:
ಎರಡು ಬೇರೆ ಬೇರೆ ವಿಷಯ ಒಂದಾಗಿ ಹೋಗುತ್ತಿವೆ, ಬಿಡಿಸಿ ಹೇಳುತ್ತೇನೆ.

ಉಪಗ್ರಹದಿಂದ ಬರುವ ಅನುಮತಿ ಪಡೆದ ಚಾನೆಲ್‌ಗೆ ಕ್ಯಾರೇಜ್ ಶುಲ್ಕ ಅಂತ ಇದೆ. 2017ರ ನಿಯಮದಲ್ಲಿ ಎಸ್‌ಡಿ ಚಾನೆಲ್‌ಗೆ ಒಂದು ಸೆಟ್‌ಟಾಪ್ ಬಾಕ್ಸ್‌ಗೆ ತಿಂಗಳಿಗೆ ಹೆಚ್ಚೆಂದರೆ 20 ಪೈಸೆ, ಎಚ್‌ಡಿಗೆ 40 ಪೈಸೆ ಇತ್ತು. ನೋಡುಗರು ಹೆಚ್ಚಿದಂತೆ ಶುಲ್ಕ ಇಳಿಯುತ್ತಿತ್ತು. ಒಟ್ಟು ಬಾಕ್ಸ್‌ಗಳಲ್ಲಿ ಶೇ. 5ಕ್ಕಿಂತ ಕಡಿಮೆ ಮನೆ ಆ ಚಾನೆಲ್ ತೆಗೆದುಕೊಂಡಿದ್ದರೆ ಪೂರ್ತಿ ದರ, ಆಮೇಲೆ ಮುಕ್ಕಾಲು, ಅರ್ಧ, ಕಾಲು, ಶೇ. 20 ಮುಟ್ಟಿದರೆ ಸೊನ್ನೆ. ಐದು ಲಕ್ಷ ಬಾಕ್ಸ್ ಇರುವ ಎಂಎಸ್‌ಒಗೆ ಯಾರೂ ಕೇಳದ ಹೊಸ ಚಾನೆಲ್ ತಿಂಗಳಿಗೆ ಒಂದು ಲಕ್ಷ ಕಟ್ಟಬೇಕಾಗುತ್ತಿತ್ತು. ಫ್ರೀ ಚಾನೆಲ್‌ನವರು ಬೇಸ್ ಪ್ಯಾಕ್‌ನೊಳಗೆ ಸೇರಲು ಹೋರಾಡುತ್ತಿದ್ದುದು ಇದಕ್ಕೇ: ಬೇಸ್ ಪ್ಯಾಕ್‌ನಲ್ಲಿದ್ದರೆ ಶೇ. 20 ತಾನಾಗಿ ದಾಟುತ್ತಿತ್ತು, ಕ್ಯಾರೇಜ್ ಬೀಳುತ್ತಿರಲಿಲ್ಲ. ಆದರೆ ಆ ಜಾಗ ಸಿಗಲು ‘ಪ್ಲೇಸ್‌ಮೆಂಟ್’, ‘ಮಾರ್ಕೆಟಿಂಗ್’ ಎಂಬ ಹೆಸರಿನಲ್ಲಿ ಹಣ ಬೇರೆ ಬಾಗಿಲಿನಿಂದ ಹೋಗುತ್ತದೆ. ಬಾಕ್ಸ್ ಹಾಕಿದ ಕೂಡಲೇ ಮೊದಲು ಕಾಣುವ ಚಾನೆಲ್ ಇದೆಯಲ್ಲ, ಲ್ಯಾಂಡಿಂಗ್ ಪೇಜ್, ಅದೂ ಮಾರಾಟದ ಜಾಗವೇ.

ಕೇಬಲ್‌ನ ಲೋಕಲ್ ಚಾನೆಲ್ ಈ ಲೆಕ್ಕಕ್ಕೆ ಬರುವುದಿಲ್ಲ. ಕಾನೂನಿನ ಕಣ್ಣಿಗೆ ಅದು ‘ಪ್ಲಾಟ್‌ಫಾರ್ಮ್ ಸೇವೆ’, ಎಂಎಸ್‌ಒ ತನ್ನ ಗ್ರಾಹಕರಿಗಷ್ಟೇ ಕೊಡುವ ಕಾರ್ಯಕ್ರಮ. ಅದರ ದರಕ್ಕೆ ಮೇಲ್ಮಿತಿಯೂ ಇಲ್ಲ, ಕೆಳಮಿತಿಯೂ ಇಲ್ಲ. ಕೆಲವು ಕಡೆ ಎಂಎಸ್‌ಒ ಜಾಗವನ್ನು ತಿಂಗಳ ಬಾಡಿಗೆಗೆ ಕೊಡುತ್ತದೆ, ಕೆಲವು ಕಡೆ ಜಾಹೀರಾತಿನಲ್ಲಿ ಪಾಲು ಕೇಳುತ್ತದೆ. ಎರಡೂ ಖಾಸಗಿ ಒಪ್ಪಂದ. ನ್ಯಾಯ ಕೇಳಲು ಹಿಡಿದುಕೊಳ್ಳುವ ನಿಯಮ ಇಲ್ಲದಿರುವುದೇ ತೊಡಕು.

ಪಡುವಣ ಗಾಳಿ:
ನಮ್ಮ ಮಂಗಳೂರು, ಉಡುಪಿ ಕಡೆ ಲೋಕಲ್ ಚಾನೆಲ್ ಇನ್ನೂ ಗಟ್ಟಿ ಉಂಟು ಅಂತ ಎಲ್ಲರೂ ಹೇಳುವುದು. ಅದಕ್ಕೆ ಕಾರಣ ಜಾಹೀರಾತು ಅಲ್ಲ ಮಾರಾಯ್ರೇ, ನೇರಪ್ರಸಾರ. ಕಂಬಳ, ಯಕ್ಷಗಾನ, ಬ್ರಹ್ಮಕಲಶ, ನೇಮೋತ್ಸವ ಆದಾಗ ಸಮಿತಿಯವರೇ ಪ್ರಸಾರದ ಖರ್ಚು ಕೊಡುತ್ತಾರೆ. ಮುಂಬೈ, ದುಬೈಯಲ್ಲಿರುವವರಿಗೆ ಅದೇ ಫೀಡ್ ಯೂಟ್ಯೂಬ್‌ನಲ್ಲಿ ಹೋಗುತ್ತದೆ.

ಮೂರು ಕ್ಯಾಮೆರಾದ ಒಂದು ಲೈವ್‌ಗೆ ಬೇಕಾದ್ದು ಇಷ್ಟು: ಕ್ಯಾಮೆರಾ ಬದಲಿಸುವ ಸ್ವಿಚರ್, ಅದಕ್ಕೊಬ್ಬರು, ಕ್ಯಾಮೆರಾಕ್ಕೆ ಮೂವರು, ಶಬ್ದಕ್ಕೊಬ್ಬರು, ಚಿತ್ರವನ್ನು ಕಳಿಸುವ ರೂಪಕ್ಕೆ ತರುವ ಎನ್‌ಕೋಡರ್, ಎರಡು ಬೇರೆ ಕಂಪನಿಯ ಸಿಮ್ ಅಥವಾ ತಾತ್ಕಾಲಿಕ ಫೈಬರ್, ಜನರೇಟರ್ ಕೈಕೊಟ್ಟರೆ ಅಂತ ಯುಪಿಎಸ್. ಗದ್ದೆಯಲ್ಲಿ ಹತ್ತು ಸಾವಿರ ಜನ ಸೇರಿದರೆ ಮೊಬೈಲ್ ಟವರ್ ಕೈಕೊಡುತ್ತದೆ. ಬೆಳಿಗ್ಗೆ ಪರೀಕ್ಷೆ ಮಾಡಿದಾಗ ಸಿಕ್ಕಿದ ಅಪ್‌ಲೋಡ್ ವೇಗವನ್ನು ಸಂಜೆಗೆ ನಂಬಬಾರದು. ಆದ್ದರಿಂದ ಸಾಧ್ಯವಿದ್ದಲ್ಲೆಲ್ಲ ಕೇಬಲ್‌ನವರ ಫೈಬರ್ ಎಳೆಸುವುದೇ ಸರಿ, ಸಿಮ್ ತುರ್ತಿಗೆ ಇರಲಿ.

ಯಕ್ಷಗಾನಕ್ಕೆ ಶಬ್ದ ಬಹಳ ಕಷ್ಟ. ಚೆಂಡೆಯ ಪೆಟ್ಟಿಗೆ ಮಟ್ಟ ಹೊಂದಿಸಿದರೆ ಭಾಗವತರ ಧ್ವನಿ ಅಡಿಗೆ ಹೋಗುತ್ತದೆ. ಧ್ವನಿವರ್ಧಕದವರ ಮಿಕ್ಸರ್‌ನಿಂದ ಒಂದೇ ಲೈನ್ ತಗೊಂಡರೆ ಆಗುವುದಿಲ್ಲ, ಅಲ್ಲಿ ಚೆಂಡೆಗೆ ಮೈಕೇ ಇರದಿರಬಹುದು. ಭಾಗವತರ ಮೈಕ್‌ಗೆ ಪ್ರತ್ಯೇಕ ಲೈನ್, ರಂಗಸ್ಥಳದ ಎದುರು ಒಂದು ಜೋಡಿ ಮೈಕ್, ಚೆಂಡೆಯ ಶಬ್ದ ಬರುವ ಲೈನ್‌ಗೆ ಲಿಮಿಟರ್ (ಶಬ್ದ ಮಿತಿ ಮೀರದಂತೆ ತಡೆಯುವ ಸಾಧನ). ಕ್ಯಾಮೆರಾ ವೈರ್‌ಲೆಸ್ ಆಗಿದ್ದರೆ ಚಿತ್ರ ಎರಡು ಮೂರು ಫ್ರೇಮ್ ತಡವಾಗಿ ಬರುತ್ತದೆ. ಒಂದು ಫ್ರೇಮ್ ಅಂದರೆ 40 ಮಿಲಿಸೆಕೆಂಡ್, ಅಷ್ಟೇ ತಡವನ್ನು ಶಬ್ದಕ್ಕೂ ಕೊಡಬೇಕು. ಇಲ್ಲದಿದ್ದರೆ ಮಾತು ಮುಂದೆ, ತುಟಿ ಹಿಂದೆ.

ಈಗ ಮುಖ್ಯ ಮಾತು. ಸಮಿತಿ ಹಣ ಕೊಟ್ಟರೆ ಸಮಿತಿಯ ಕಾರ್ಯಕ್ರಮ ಬರುತ್ತದೆ. ಪಂಚಾಯತ್ ಸಭೆಗೆ ಯಾರು ಕೊಡುವುದು? ತ್ಯಾಜ್ಯ ಘಟಕದ ವಾಸನೆ ಬಗ್ಗೆ ಮೂರು ದಿನ ತಿರುಗಿ ವರದಿ ಮಾಡುವುದಕ್ಕೆ ಯಾರು ಕೊಡುವುದು? ನಮ್ಮಲ್ಲಿ ಉತ್ಸವ ಉಂಟು, ಸುದ್ದಿ ಬಡವಾಗಿದೆ.

ಪ್ರೈಮ್‌ಟೈಮ್ ಪಟ್ಟಿ:
ದೊಡ್ಡ ಚಾನೆಲ್‌ಗಳ ಆಯ್ಕೆಯ ಹಿಂದೆಯೂ ಇದೇ ಸೂತ್ರ ಇದೆ. ಕೇಬಲ್ ನಿಯಮದಲ್ಲಿ ಗಂಟೆಗೆ 12 ನಿಮಿಷ ಜಾಹೀರಾತು: 10 ನಿಮಿಷ ವಾಣಿಜ್ಯದ್ದು, 2 ನಿಮಿಷ ಚಾನೆಲ್‌ನ ಸ್ವಂತ ಪ್ರಚಾರ. ಅರ್ಧ ಗಂಟೆಗೆ ಮಾರಲು ಸಿಗುವುದು 5 ನಿಮಿಷ, ಅಂದರೆ 10 ಸೆಕೆಂಡಿನ 30 ತುಂಡು. ಸುಮ್ಮನೆ ಒಂದು ಲೆಕ್ಕಕ್ಕೆ, ಒಂದು ಕಂತಿನ ಖರ್ಚು ಒಂದೂವರೆ ಲಕ್ಷ ಎಂದು ಹಿಡಿಯಿರಿ. ಮೊದಲ ಪ್ರಸಾರದಲ್ಲೇ ಖರ್ಚು ಹುಟ್ಟಬೇಕಾದರೆ ಪ್ರತಿ 10 ಸೆಕೆಂಡಿಗೆ 5,000 ಬರಬೇಕು. ಡಬ್ಬಿಂಗ್ ಕಂತು 30,000ಕ್ಕೆ ಮುಗಿದರೆ 1,000 ಸಾಕು. ಮಧ್ಯಾಹ್ನದ ಸ್ಲಾಟ್‌ಗೆ ಕಡಿಮೆ ದರದ ಜಾಹೀರಾತೇ ಬರುವುದರಿಂದ ಅಲ್ಲಿ ಮರುಪ್ರಸಾರ ಅಥವಾ ಡಬ್ಬಿಂಗ್. 2015ರಲ್ಲಿ ಡಬ್ಬಿಂಗ್ ತಡೆಯ ವಿರುದ್ಧ ಸ್ಪರ್ಧಾ ಆಯೋಗದ ಆದೇಶ ಬಂತು, 2020ರ ಲಾಕ್‌ಡೌನ್‌ನಲ್ಲಿ ಚಿತ್ರೀಕರಣ ನಿಂತಿತು. ಆಮೇಲೆ ಈ ದಾರಿ ಅಗಲವಾಯಿತು.

ಬೆಳಗಿನ ಜ್ಯೋತಿಷ್ಯ, ತೈಲ, ಯಂತ್ರ, ತಾಯತದ ಅರ್ಧ ಗಂಟೆಗಳಲ್ಲಿ ಬಹುಪಾಲು ಚಾನೆಲ್ ಮಾಡಿಸಿದ್ದಲ್ಲ, ಸಮಯವನ್ನೇ ಮಾರಿದ್ದು. ಆ ಹೊತ್ತಿಗೆ ಚಾನೆಲ್‌ಗೆ ಖರ್ಚಿಲ್ಲ, ನಿಶ್ಚಿತ ಆದಾಯ ಇದೆ. ಒಳ್ಳೆಯ ಕೃಷಿ ಕಾರ್ಯಕ್ರಮ ತಂದುಕೊಟ್ಟರೂ ಅದು ಮೊದಲು ಆ ನಿಶ್ಚಿತ ಆದಾಯವನ್ನು ಮೀರಿಸಬೇಕು. ಕೃಷಿ ಕಾರ್ಯಕ್ರಮ ಸೋಲುವುದು ಇಲ್ಲೇ. ಪ್ರೇಕ್ಷಕರಿಗೆ ರುಚಿ ಇಲ್ಲ ಎನ್ನುವುದು ಸುಳ್ಳು.

ತುಂಗಾತೀರ:
ಹಾಗಿದ್ದರೆ ಲೋಕಲ್ ಚಾನೆಲ್‌ಗೂ ರೇಟಿಂಗ್ ಬಂದರೆ ದೊಡ್ಡ ಜಾಹೀರಾತು ಸಿಗಬಹುದಲ್ಲವೇ ಸರ್?

ಪ್ರೈಮ್‌ಟೈಮ್ ಪಟ್ಟಿ:
ಆಗುವುದಿಲ್ಲ. ಟಿವಿ ರೇಟಿಂಗ್ ಕೊಡುವ ಬಾರ್ಕ್ ಸಂಸ್ಥೆ ಅಳೆಯುವುದು ಶಬ್ದದೊಳಗೆ ಅಡಗಿಸಿದ ವಾಟರ್‌ಮಾರ್ಕ್ ಮೂಲಕ. ಚಾನೆಲ್ ತನ್ನ ಪ್ರಸಾರದಲ್ಲಿ ಆ ಗುರುತು ಸೇರಿಸುವ ಯಂತ್ರ ಇಟ್ಟಿರಬೇಕು, ಮನೆಯ ಮೀಟರ್ ಅದನ್ನು ಕೇಳಿಸಿಕೊಳ್ಳುತ್ತದೆ. ಇಡೀ ದೇಶದಲ್ಲಿ ಮೀಟರ್ ಇರುವುದು ಕೆಲವು ಹತ್ತು ಸಾವಿರ ಮನೆಗಳಲ್ಲಿ. ಒಂದು ತಾಲ್ಲೂಕಿಗೆ ಬರುವುದು ಸೊನ್ನೆಯೋ ಒಂದೋ ಎರಡೋ. ಒಂದು ಮನೆಯವರು ಮದುವೆಗೆ ಹೋದರೆ ಆ ವಾರದ ಅಂಕಿ ಬಿದ್ದುಹೋಗುತ್ತದೆ. ಆ ಸಂಖ್ಯೆಗೆ ಅರ್ಥ ಇಲ್ಲ, ಯಾವ ಏಜೆನ್ಸಿಯೂ ಅದರ ಮೇಲೆ ಹಣ ಹಾಕುವುದಿಲ್ಲ. ಲೋಕಲ್ ಚಾನೆಲ್‌ಗೆ ಇದಕ್ಕಿಂತ ಸರಿಯಾದ ಅಳತೆ ಸಕ್ರಿಯ ಬಾಕ್ಸ್‌ಗಳ ಸಂಖ್ಯೆ. ಅದು ಎಂಎಸ್‌ಒ ಬಳಿ ಪ್ರತಿ ತಿಂಗಳೂ ಇರುತ್ತದೆ.

ಬಿಸಿಲನಾಡು:
ಎಲ್ಲಾರೂ ಖಾಸಗಿ ಬಗ್ಗೆನ ಮಾತಾಡಾಕತ್ತೀರಿ, ದೂರದರ್ಶನದ ಚಂದನದ ಸುದ್ದಿನ ಯಾರೂ ಎತ್ತಲಿಲ್ಲಲ್ರೀ. ಸರ್ಕಾರದ ರೊಕ್ಕದಾಗ ನಡಿಯೋ ಕನ್ನಡ ಚಾನೆಲ್ ಅದು ಒಂದ. ನಮ್ಮ ಭಾಗಕ್ಕ ಟಿವಿ ಬಂದದ್ದು ಬೆಂಗಳೂರಿಗಿಂತ ಮೊದಲ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ‘ಸೈಟ್’ ಅನ್ನೋ ಉಪಗ್ರಹ ಟಿವಿ ಪ್ರಯೋಗ ನಡೀತು. ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯದ ಸುಮಾರು 2,400 ಹಳ್ಳಿಗೆ ನೇರ ಟಿವಿ, ಅದರಾಗ ಕರ್ನಾಟಕದ್ದೂ ಸೇರಿದ್ವು. ಬೆಂಗಳೂರು ಕೇಂದ್ರ ಶುರು ಆದದ್ದು 1981ರಾಗ.

ಒಕ್ಕಲುತನ, ಆರೋಗ್ಯ, ಶಾಲೆ ಪಾಠ, ಇವನ್ನೆಲ್ಲ ಹಳ್ಳಿಗೆ ತಲುಪಸೂದಕ್ಕ ಟಿವಿ ತಂದದ್ದು. ಕೊರೋನಾದಾಗ ಸಾಲಿ ಮುಚ್ಚಿದಾಗ ಸೇತುಬಂಧ, ಸಂವೇದ ಪಾಠ ಬಂದದ್ದು ಚಂದನದಾಗ, ಖಾಸಗಿ ಚಾನೆಲ್‌ದಾಗಲ್ಲ. ಜಾಹೀರಾತು ಇಲ್ಲದ ಪಾಠಕ್ಕ ದಿನಕ್ಕ ತಾಸುಗಟ್ಟಲೆ ಜಾಗ ಕೊಡೂದು ಸಾರ್ವಜನಿಕ ಚಾನೆಲ್‌ಗೆ ಮಾತ್ರ ಆಗ್ತದ.

ಈಗಿನ ತೊಂದ್ರಿ ಏನಂದ್ರ, ರೊಕ್ಕ ಬರ್ತದ, ಕಾರ್ಯಕ್ರಮಕ್ಕ ಹೋಗೂದು ಕಡಿಮಿ. 2023ರ ಜನವರಿಯಾಗ ಕೇಂದ್ರ ಸಂಪುಟ ಪ್ರಸಾರ ಭಾರತಿಗೆ ‘ಬೈಂಡ್’ ಯೋಜನೆ ಅಂತ 2,539.61 ಕೋಟಿ ಒಪ್ಪಿತು. ಹೆಸರ ಹೇಳ್ತದ, ಮೂಲಸೌಕರ್ಯ: ಟ್ರಾನ್ಸ್‌ಮಿಟರ್, ಸ್ಟುಡಿಯೋ, ಎಚ್‌ಡಿ ಉಪಕರಣ. ಉಪಕರಣ ಬೇಕು, ಇಲ್ಲ ಅನ್ನೂದಿಲ್ಲ. ಆದ್ರ ರಾಯಚೂರಿನ ಭತ್ತದ ಗದ್ದಿಗೆ ವಾರಕ್ಕೊಮ್ಮೆ ಹೋಗಿ ಚಿತ್ರ ತರೋ ತಂಡಕ್ಕ ಭತ್ಯೆ, ಗಾಡಿ, ಸಂಕಲನಕಾರನ ಪಗಾರ ಬೇರೆ ಲೆಕ್ಕದಾಗ ಬರಬೇಕು. ಅಲ್ಲೇ ಹಿಡಿತ.

ಇನ್ನೊಂದು. ದೂರದರ್ಶನದ ಹಳೇ ಅನಲಾಗ್ ಟ್ರಾನ್ಸ್‌ಮಿಟರ್ ಹೆಚ್ಚೂಕಡಿಮೆ ಎಲ್ಲಾ ಬಂದ್ ಆಗ್ಯಾವ. ಮಾಳಿಗಿ ಮ್ಯಾಲಿನ ಆಂಟೆನಾದಾಗ ಚಂದನ ಈಗ ಬರೂದಿಲ್ಲ. ಫ್ರೀ ಡಿಶ್, ಬೇರೆ ಡಿಟಿಎಚ್ ಇಲ್ಲಾ ಕೇಬಲ್ ಬೇಕ. ಫ್ರೀ ಡಿಶ್ ಹಾಕಿದ ಮನಿಗೆ ತಿಂಗಳ ಬಿಲ್ಲಿಲ್ಲ, ಖರೆ, ಆದ್ರ ಕೇಬಲ್‌ನ ಲೋಕಲ್ ಚಾನೆಲ್ ಆ ಮನಿಗೆ ಎಂದೂ ಮುಟ್ಟೂದಿಲ್ಲ.

ಪಾಳಿ ಸಂಪಾದಕಿ:
ದೂರದರ್ಶನದಲ್ಲಿ ಹೊರಗಿನವರು ಕಾರ್ಯಕ್ರಮ ಮಾಡುವ ದಾರಿಗಳನ್ನೂ ಇಲ್ಲಿ ಹೇಳಬೇಕು, ಹಣದ ಚರ್ಚೆ ಅಲ್ಲೇ ತೊಡಕಾಗುತ್ತದೆ. ನಿಯೋಜಿತ ಪದ್ಧತಿಯಲ್ಲಿ ದೂರದರ್ಶನ ನಿರ್ಮಾಪಕರಿಗೆ ಹಣ ಕೊಡುತ್ತದೆ, ಹಕ್ಕು ಅದರದೇ. ಪ್ರಾಯೋಜಿತ ಪದ್ಧತಿ ತಿರುಗುಮುರುಗು: ನಿರ್ಮಾಪಕರೇ ಪ್ರಸಾರ ಶುಲ್ಕ ಕಟ್ಟಿ, ಬದಲಿಗೆ ಇಂತಿಷ್ಟು ಸೆಕೆಂಡ್ ಜಾಹೀರಾತು ಸಮಯ ಪಡೆದು, ಅದನ್ನು ಮಾರಿಕೊಳ್ಳಬೇಕು. ಜಿಲ್ಲಾ ಮಟ್ಟದ ಸಣ್ಣ ನಿರ್ಮಾಪಕರು ಕಾಲು ಜಾರುವುದು ಈ ಎರಡನೆಯದರಲ್ಲಿ. ಶುಲ್ಕ ಮೊದಲೇ ಹೋಗುತ್ತದೆ, ಪ್ರಾಯೋಜಕರ ಚೆಕ್ ಮೂರು ತಿಂಗಳ ನಂತರ ಬರುತ್ತದೆ. 13 ಕಂತಿನ ಸರಣಿಗೆ ಕನಿಷ್ಠ ಐದಾರು ಕಂತಿನ ಬಂಡವಾಳ ಕೈಯಲ್ಲಿ ಇಲ್ಲದೆ ಪ್ರಾಯೋಜಿತಕ್ಕೆ ಇಳಿಯಲೇಬಾರದು.

ಹಿಮದೂರು:
ತುಂಗಾತೀರ ಅವರ ಎರಡನೇ ಪ್ರಶ್ನೆಗೆ ಕೆನಡಾದಲ್ಲಿ ಒಂದು ಪ್ರಯೋಗ ಪೂರ್ತಿ ನಡೆದು ಮುಗಿದಿದೆ, ಅದನ್ನು ನೋಡುವುದು ಒಳ್ಳೆಯದು.

ಅಲ್ಲಿನ ನಿಯಂತ್ರಕ ಸಿಆರ್‌ಟಿಸಿ 2009ರಲ್ಲಿ ಸ್ಥಳೀಯ ಕಾರ್ಯಕ್ರಮ ಸುಧಾರಣಾ ನಿಧಿ ಆರಂಭಿಸಿತು. ಕೇಬಲ್ ಮತ್ತು ಉಪಗ್ರಹ ಕಂಪನಿಗಳು ತಮ್ಮ ಪ್ರಸಾರ ಆದಾಯದ ಶೇ. 1.5 ಅದಕ್ಕೆ ಕಟ್ಟಬೇಕು. ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳ ಟಿವಿ ಕೇಂದ್ರಗಳಿಗೆ ಅದರಿಂದ ಹಣ. ಕಂಪನಿಗಳು ಸುಮ್ಮನಿರಲಿಲ್ಲ, ಬಿಲ್ಲಿನಲ್ಲಿ ಅದನ್ನು ಪ್ರತ್ಯೇಕ ಸಾಲಾಗಿ ಅಚ್ಚು ಹಾಕಿ ಗ್ರಾಹಕರಿಂದಲೇ ವಸೂಲು ಮಾಡಿದವು. ಅದೇ ಹೊತ್ತಿಗೆ ಟಿವಿ ಕೇಂದ್ರಗಳು ‘ನಮ್ಮ ಸಿಗ್ನಲ್ ಹಂಚುವುದಕ್ಕೆ ಬೆಲೆ ಕೊಡಿ’ ಎಂದು ಕೇಳಿದವು. ಒಂದು ಕಡೆ ಸ್ಥಳೀಯ ಟಿವಿ ಉಳಿಸಿ ಎಂಬ ಪ್ರಚಾರ, ಇನ್ನೊಂದು ಕಡೆ ಟಿವಿ ತೆರಿಗೆ ನಿಲ್ಲಿಸಿ ಎಂಬ ಪ್ರಚಾರ. 2010ರ ಮಾರ್ಚ್‌ನಲ್ಲಿ ಸಿಆರ್‌ಟಿಸಿ ಖಾಸಗಿ ಕೇಂದ್ರಗಳು ಚೌಕಾಸಿ ಮಾಡಬಹುದು ಎಂದಿತು. 2012ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕು ಮತಗಳಿಂದ, ನಿಯಂತ್ರಕಕ್ಕೆ ಆ ಅಧಿಕಾರವೇ ಇಲ್ಲ ಎಂದು ತೀರ್ಪು ಕೊಟ್ಟಿತು. ನಿಧಿಯೂ ಉಳಿಯಲಿಲ್ಲ. ಶೇ. 1ಕ್ಕೆ, ಅರ್ಧಕ್ಕೆ ಇಳಿಸುತ್ತ 2014ರ ಆಗಸ್ಟ್ ಕೊನೆಗೆ ನಿಲ್ಲಿಸಿದರು. 2017ರಿಂದ ಅದರ ಜಾಗಕ್ಕೆ ಬಂದದ್ದು ಚಿಕ್ಕದು: ಶೇ. 0.3, ಅದೂ ದೊಡ್ಡ ಕಂಪನಿಗಳಿಗೆ ಸೇರದ ಸ್ವತಂತ್ರ ಕೇಂದ್ರಗಳ ಸ್ಥಳೀಯ ಸುದ್ದಿಗೆ ಮಾತ್ರ.

ಮೊದಲ ನಿಧಿಯ ತಪ್ಪು ನನ್ನ ಪ್ರಕಾರ ಒಂದೇ: ದೊಡ್ಡ ಕಂಪನಿಯ ಕೈಯಲ್ಲಿದ್ದ ಕೇಂದ್ರಕ್ಕೂ ಅದೇ ಹಣ ಹೋಯಿತು. ಎರಡನೆಯದು ಅದನ್ನು ತಿದ್ದಿಕೊಂಡಿತು.

ವೇಲ್ಸ್‌ನ ಉದಾಹರಣೆ ಬೇರೆ ರೀತಿಯದು. ವೆಲ್ಶ್ ಭಾಷೆ ಬಲ್ಲವರು 2021ರ ಜನಗಣತಿಯಲ್ಲಿ ಸುಮಾರು 5.38 ಲಕ್ಷ, ನಮ್ಮ ಒಂದು ಮಧ್ಯಮ ನಗರದಷ್ಟು. ಆದರೂ 1982ರ ನವೆಂಬರ್‌ನಿಂದ ಅವರಿಗೆ ಎಸ್4ಸಿ ಎಂಬ ಪೂರ್ಣ ಚಾನೆಲ್ ಇದೆ. ಅದು ಕಾರ್ಯಕ್ರಮಗಳನ್ನು ಹೊರಗಿನ ಸ್ವತಂತ್ರ ನಿರ್ಮಾಪಕರಿಂದ ಮಾಡಿಸುತ್ತದೆ, ಬಿಬಿಸಿ ವಾರಕ್ಕೆ ಹತ್ತು ಗಂಟೆ ಕಾರ್ಯಕ್ರಮ ಮಾಡಿಕೊಡಬೇಕು. 2022ರಿಂದ ಅದರ ಸಾರ್ವಜನಿಕ ಹಣ ಪೂರ್ತಿ ಟಿವಿ ಲೈಸೆನ್ಸ್ ಶುಲ್ಕದಿಂದಲೇ ಬರುತ್ತದೆ.

ಒಂದು ಸೆಟ್‌ಟಾಪ್:
ಲೈಸೆನ್ಸ್ ಶುಲ್ಕ ಇಲ್ಲಿ ಮತ್ತೆ ತರುವ ಮಾತೇ ಬೇಡ. ರೇಡಿಯೋ, ಟಿವಿಗೆ ಅಂಚೆ ಕಚೇರಿಯಲ್ಲಿ ಹಣ ಕಟ್ಟುವ ಪದ್ಧತಿ ಇತ್ತು, 1980ರ ದಶಕದಲ್ಲೇ ಅದನ್ನು ತೆಗೆದರು. ಕೇಬಲ್ ಬಿಟ್ಟು ಜನ ಮೊಬೈಲ್‌ಗೆ ಹೋಗುತ್ತಿರುವಾಗ ಬಿಲ್ ಏರಿಸಿದರೆ ಉಳಿದ ಬಾಕ್ಸ್‌ಗಳೂ ಅಟ್ಟ ಸೇರುತ್ತವೆ. ಸ್ಥಳೀಯ ಸುದ್ದಿ ಯೂಟ್ಯೂಬ್‌ನಲ್ಲಿ ಬರಲಿ. ಅಲ್ಲಿ ಎಂಎಸ್‌ಒ ಇಲ್ಲ, ಬಾಡಿಗೆ ಇಲ್ಲ.

ಪಡುವಣ ಗಾಳಿ:
ಯೂಟ್ಯೂಬ್ ಬೇಕು, ಆದರೆ ಅದೊಂದೇ ಸಾಲದು. ಜಾತ್ರೆಯ ಲೈವ್‌ನಲ್ಲಿ ಹಿಂದೆ ಸಿನಿಮಾ ಹಾಡು ಹಾಕಿದರೆ ಹಕ್ಕುದಾರರ ಕ್ಲೇಮ್ ಬಂದು ಆದಾಯ ಅವರಿಗೆ ಹೋಗುತ್ತದೆ, ಕೆಲವೊಮ್ಮೆ ಲೈವ್ ಮಧ್ಯದಲ್ಲೇ ನಿಲ್ಲುತ್ತದೆ. ಬ್ಯಾಂಡ್‌ಸೆಟ್ ನುಡಿಸಿದ ಹಾಡಿಗೂ ಬರಬಹುದು. ತಾಲ್ಲೂಕಿನ ಸುದ್ದಿಗೆ ಸಿಗುವ ವೀಕ್ಷಣೆಯಿಂದ ಒಬ್ಬ ವರದಿಗಾರನ ಪೆಟ್ರೋಲ್ ಕೂಡ ಹುಟ್ಟುವುದಿಲ್ಲ. ಹುಟ್ಟಬೇಕಾದರೆ ಅಪಘಾತ, ಜಗಳ, ಕೊಲೆ ಹಾಕಬೇಕು. ಅಲ್ಲಿಯೂ ಆಯ್ಕೆ ಹಣದ್ದೇ ಅಲ್ಲವಾ?

ಲೆಕ್ಕದ ಪುಸ್ತಕ:
ಬಿಲ್ ಎಷ್ಟು ಏರುತ್ತದೆ ಎಂದು ನೋಡಿಯೇ ಬಿಡೋಣ. ಕೆನಡಾದ ಆ ಶೇ. 1.5ನ್ನು ನಮ್ಮ 206 ರೂಪಾಯಿಗೆ ಹಾಕಿದರೆ ಮನೆಗೆ 3.09. ಗ್ರಾಹಕರ ಮೇಲೆ ಹಾಕದೆ, ಮೂರೂ ಪಾಲುದಾರರು ತಮ್ಮ ತಮ್ಮ ಪಾಲಿನಿಂದ ಕೊಟ್ಟರೆ ಚಾನೆಲ್ ಕಂಪನಿಗಳಿಗೆ 91 ಪೈಸೆ, ಎಂಎಸ್‌ಒಗೆ 1.20, ಆಪರೇಟರ್‌ಗೆ 98 ಪೈಸೆ. 20,000 ಬಾಕ್ಸ್ ಇರುವ ತಾಲ್ಲೂಕಿಗೆ ತಿಂಗಳಿಗೆ 61,800 ಬರುತ್ತದೆ. ಇಬ್ಬರು ವರದಿಗಾರರು, ಒಬ್ಬ ಕ್ಯಾಮೆರಾಮನ್, ಒಬ್ಬ ಸಂಕಲನಕಾರ, ಬಾಡಿಗೆ, ಕರೆಂಟು, ಇಂಟರ್ನೆಟ್, ಪೆಟ್ರೋಲ್ ಎಲ್ಲ ಸೇರಿ ಒಂದು ಲಕ್ಷ ಅರವತ್ತು ಸಾವಿರ ಎಂದು ಹಿಡಿದರೆ ಐದರಲ್ಲಿ ಎರಡು ಪಾಲಿನ ಹತ್ತಿರ. ಮಿಕ್ಕದ್ದು ಅಂಗಡಿ ಜಾಹೀರಾತಿನಿಂದ ಬರಬೇಕು, ಬರುತ್ತದೆ ಕೂಡ. ಪೂರ್ತಿ ಸಾಕುವ ನಿಧಿ ಬೇಡವೇ ಬೇಡ, ಆಗ ಜಾಹೀರಾತು ತರುವ ಕಾಲು ಸೋಮಾರಿಯಾಗುತ್ತದೆ.

ತುಂಗಾತೀರ:
ಹಣವನ್ನು ಯಾರು, ಯಾವ ಆಧಾರದ ಮೇಲೆ ಹಂಚುವುದು? ಸರ್ಕಾರದ ಕೈಗೆ ಕೊಟ್ಟರೆ ಜಾಹೀರಾತು ಪಟ್ಟಿಯ ಗತಿಯೇ ಇದಕ್ಕೂ ಆಗುತ್ತದೆ.

ಪಾಳಿ ಸಂಪಾದಕಿ:
ಆ ಭಯ ಸರಿಯಾದದ್ದು. ವಾರ್ತಾ ಇಲಾಖೆಯ ಜಾಹೀರಾತನ್ನೇ ನೆಚ್ಚಿಕೊಂಡ ಚಾನೆಲ್, ಬಾಕಿ ಬಿಲ್ ಇರುವ ತಿಂಗಳಲ್ಲಿ ಆಡಳಿತದ ವಿರುದ್ಧ ಏನನ್ನೂ ಹಾಕುವುದಿಲ್ಲ. ಹಂಚಿಕೆ ಅಧಿಕಾರಿಯ ಇಷ್ಟಕ್ಕೆ ಬಿಡದೆ ಸೂತ್ರಕ್ಕೆ ಬಿಡಬೇಕು. ಆ ಸೂತ್ರಕ್ಕೆ ಬೇಕಾದ ಸಾಕ್ಷಿ ಈಗಿನ ನಿಯಮದಲ್ಲೇ ಇದೆ: ಪ್ಲಾಟ್‌ಫಾರ್ಮ್ ಸೇವೆಯ ಎಲ್ಲ ಪ್ರಸಾರದ ರೆಕಾರ್ಡಿಂಗ್ ಪ್ರತಿಯನ್ನು 90 ದಿನ ಇಟ್ಟುಕೊಳ್ಳಲೇಬೇಕು. ಎಷ್ಟು ನಿಮಿಷ ಹೊಸ ಸ್ಥಳೀಯ ಕಾರ್ಯಕ್ರಮ ಬಂತು ಎಂದು ಆ ಪ್ರತಿ ತೆಗೆದು ಎಣಿಸಬಹುದು. ಮರುಪ್ರಸಾರಕ್ಕೆ ಸೊನ್ನೆ.

ಹೆಡ್‌ಎಂಡ್ ಕೋಣೆ:
ಮೇಡಂ, ನಿಮಿಷ ಮಾತ್ರ ಎಣಿಸಿದರೆ ಇಡೀ ರಾತ್ರಿಯ ಯಕ್ಷಗಾನ ಆಟಕ್ಕೆ ಒಂದು ಕ್ಯಾಮೆರಾ ನಿಲ್ಲಿಸಿದವನು 480 ನಿಮಿಷ ಬರೆಸುತ್ತಾನೆ. ಎರಡು ದಿನ ತಿರುಗಿ 12 ನಿಮಿಷದ ವರದಿ ತಂದವನಿಗೆ 12.

ಪಾಳಿ ಸಂಪಾದಕಿ:
ನಿಜ, ತೂಕ ಬೇಕು. ಒಂದೇ ಜಾಗದ ನೇರಪ್ರಸಾರಕ್ಕೆ ನಿಮಿಷಕ್ಕೆ 1 ಅಂಕ, ಹೊರಗೆ ಹೋಗಿ ಚಿತ್ರಿಸಿ ಸಂಕಲಿಸಿದ್ದಕ್ಕೆ 4 ಎಂದಿಡಿ. ತಿಂಗಳಲ್ಲಿ 26 ದಿನ 15 ನಿಮಿಷದ ವಾರ್ತೆ ಅಂದರೆ 390 ನಿಮಿಷ, 1,560 ಅಂಕ. ಮೂರು ಗಂಟೆಯ ನಾಲ್ಕು ನೇರಪ್ರಸಾರ 720 ಅಂಕ. ಒಟ್ಟು 2,280. ನಿಮ್ಮ 61,800ರಲ್ಲಿ ಅಂಕಕ್ಕೆ ಸುಮಾರು 27 ರೂಪಾಯಿ, ಹಾಗಾಗಿ ವಾರ್ತೆಗೆ 42,284, ನೇರಪ್ರಸಾರಕ್ಕೆ 19,516. ಸಮಿತಿಯೇ ಖರ್ಚು ಕೊಟ್ಟ ನೇರಪ್ರಸಾರಕ್ಕೆ ಅಂಕ ಕೊಡಬಾರದು, ಅದಕ್ಕೆ ಈಗಾಗಲೇ ಹಣ ಬಂದಿದೆ. ನಗರಸಭೆ, ತಾಲ್ಲೂಕು ಪಂಚಾಯಿತಿ ಸಭೆಗೆ ಮಾತ್ರ ನೇರಪ್ರಸಾರವಾದರೂ 2 ಕೊಡಬಹುದು, ಏಕೆಂದರೆ ಅದಕ್ಕೆ ಯಾವ ಸಮಿತಿಯೂ ಬರುವುದಿಲ್ಲ.

ಪಡುವಣ ಗಾಳಿ:
ಸಮಿತಿಯ ಹಣ ಕಳೆಯುವುದಕ್ಕೆ ನನ್ನ ಒಪ್ಪಿಗೆ ಉಂಟು. ಕಾಲಮಿತಿಯ ಆಟಕ್ಕಾದರೂ ಸ್ವಲ್ಪ ಕೊಡಿ, ಸಣ್ಣ ಮೇಳಗಳಿಗೆ ಸಮಿತಿಯೂ ಇಲ್ಲ, ಪ್ರಾಯೋಜಕರೂ ಇಲ್ಲ.

ಬಿಸಿಲನಾಡು:
ದೊಡ್ಡಾಟ, ಸಣ್ಣಾಟಕ್ಕೂ ಅದ ಲೆಕ್ಕ ಇರ್ಲಿ ಮತ್ತ.

ಹೆಡ್‌ಎಂಡ್ ಕೋಣೆ:
ನಿಧಿ ಬರುವ ಮೊದಲು ಚಾನೆಲ್ ಕಾನೂನಿನೊಳಗೆ ಇರಬೇಕು, ಬಹಳ ಕಡೆ ಇಲ್ಲ. 2022ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ಇರುವುದು ಇಷ್ಟು.

ನೋಂದಣಿ ಎಂಎಸ್‌ಒ ಹೆಸರಿನಲ್ಲಿ, ಬ್ರಾಡ್‌ಕಾಸ್ಟ್ ಸೇವಾ ಪೋರ್ಟಲ್ ಮೂಲಕ. ಚಾನೆಲ್ ಒಂದಕ್ಕೆ ಒಂದೇ ಬಾರಿ 1,000 ರೂಪಾಯಿ. ಎಂಎಸ್‌ಒನ ಒಟ್ಟು ಚಾನೆಲ್ ಸಾಮರ್ಥ್ಯದ ಶೇ. 5ರಷ್ಟೇ ಇಂಥ ಚಾನೆಲ್ ಇರಬಹುದು, ಅದನ್ನು ರಾಜ್ಯವಾರು ಎಣಿಸುತ್ತಾರೆ. ಅದರ ಮೇಲೆ ಜಿಲ್ಲೆಗೆ ಇನ್ನೂ ಎರಡು. 400 ಚಾನೆಲ್ ಸಾಮರ್ಥ್ಯ ಇದ್ದರೆ 20, ಜೊತೆಗೆ ಜಿಲ್ಲೆಯ ಎರಡು. ಸ್ಥಳೀಯ ಸುದ್ದಿ ಹಾಕುವುದಾದರೆ ಎಂಎಸ್‌ಒ ಕಂಪನಿಯಾಗಿ ನೋಂದಣಿ ಆಗಿರಬೇಕು. ಒಬ್ಬರ ಹೆಸರಿನ ಅಥವಾ ಪಾಲುದಾರಿಕೆಯ ಸಂಸ್ಥೆಗಳು ಎಡವುವುದು ಇಲ್ಲಿ. ಪರದೆಯ ಮೇಲೆ ‘ಪ್ಲಾಟ್‌ಫಾರ್ಮ್ ಸೇವೆ’ ಎಂಬ ಬರಹ ಇರಬೇಕು, ಚಾನೆಲ್ ಪಟ್ಟಿಯಲ್ಲಿ ಇವನ್ನು ಪ್ರತ್ಯೇಕ ಗುಂಪಾಗಿ ಇಡಬೇಕು.

ಇನ್ನು ದೊಡ್ಡ ಅಡ್ಡಿ. ಒಂದು ಎಂಎಸ್‌ಒನಲ್ಲಿ ಬರುವ ಪ್ಲಾಟ್‌ಫಾರ್ಮ್ ಸೇವೆಯ ಕಾರ್ಯಕ್ರಮವನ್ನು ಇನ್ನೊಂದಕ್ಕೆ ಹಂಚುವಂತಿಲ್ಲ, ದೇವಸ್ಥಾನದಂಥ ಧಾರ್ಮಿಕ ಸ್ಥಳಗಳ ನೇರಪ್ರಸಾರಕ್ಕೆ ಮಾತ್ರ ವಿನಾಯಿತಿ. ಒಂದೇ ಊರಿನಲ್ಲಿ ಎರಡು ಎಂಎಸ್‌ಒ ಇದ್ದರೆ ಅರ್ಧ ಊರಿಗೆ ಪುರಸಭೆ ಸುದ್ದಿ ಕಾಣುವುದೇ ಇಲ್ಲ. ಇಬ್ಬರಿಗೂ ಕೊಡಬೇಕಾದರೆ ಉಪಗ್ರಹ ಚಾನೆಲ್ ಆಗಬೇಕು. ಸುದ್ದಿ ಚಾನೆಲ್‌ಗೆ 20 ಕೋಟಿ ನಿವ್ವಳ ಆಸ್ತಿ ತೋರಿಸಬೇಕು, ಸುದ್ದಿಯೇತರಕ್ಕೆ 5 ಕೋಟಿ. ಸುದ್ದಿಗೆ 1,000 ರೂಪಾಯಿಯ ಮೆಟ್ಟಿಲಿಗೂ 20 ಕೋಟಿಯ ಮೆಟ್ಟಿಲಿಗೂ ನಡುವೆ ಇನ್ನೊಂದು ಮೆಟ್ಟಿಲಿಲ್ಲ. ಸಮುದಾಯ ರೇಡಿಯೋಗೆ ಪ್ರತ್ಯೇಕ ಅನುಮತಿ ಪದ್ಧತಿ ಇದೆ, ಗಂಟೆಗೆ 12 ನಿಮಿಷ ಜಾಹೀರಾತಿಗೂ 2024ರಲ್ಲಿ ಅವಕಾಶ ಕೊಟ್ಟರು. ಸಮುದಾಯ ಟಿವಿ ಎಂಬ ವರ್ಗವೇ ನಮ್ಮಲ್ಲಿಲ್ಲ. ನನ್ನ ಮಟ್ಟಿಗೆ ನಿಧಿಗಿಂತ ಮೊದಲು ಈ ಹಂಚಿಕೆಯ ಅಡ್ಡಿ ತೆಗೆಯಬೇಕು. ಅದಕ್ಕೆ ಯಾರ ಜೇಬಿನಿಂದಲೂ ಒಂದು ರೂಪಾಯಿ ಬೇಕಾಗಿಲ್ಲ.

ಒಂದು ಸೆಟ್‌ಟಾಪ್:
ಇದನ್ನು ಒಪ್ಪುತ್ತೇನೆ. ಮೂರು ರೂಪಾಯಿ ಕೊಡುವ ಮನೆಗೆ ತನ್ನೂರಿನ ಚಾನೆಲ್ ಬರುವುದೇ ಇಲ್ಲ ಎಂದಾದರೆ ಯಾರೂ ಸಹಿಸುವುದಿಲ್ಲ. ಮತ್ತೊಂದು, ಲೋಕಲ್ ಚಾನೆಲ್ ಹಾಕಿದರೆ ಚಿತ್ರ ಹಿಗ್ಗಿರುತ್ತದೆ, ಶಬ್ದ ಕೇಳುವುದಿಲ್ಲ, ನಂಬರ್ 900ರ ಆಚೆ. ಅದನ್ನು ಮೊದಲು ಸರಿಮಾಡಬೇಕು.

ಹೆಡ್‌ಎಂಡ್ ಕೋಣೆ:
ಹಿಗ್ಗುವುದಕ್ಕೆ ಕಾರಣ 16:9ರಲ್ಲಿ ತೆಗೆದದ್ದನ್ನು 4:3 ಎಂದು ಎನ್‌ಕೋಡರ್‌ಗೆ ಹೇಳಿರುವುದು, ಅಥವಾ ತಿರುಗುಮುರುಗು. 720×576 ಚಿತ್ರಕ್ಕೆ ಅನುಪಾತದ ಗುರುತನ್ನು ಎನ್‌ಕೋಡರ್‌ನಲ್ಲಿ 16:9 ಇಟ್ಟರೆ ಸರಿಹೋಗುತ್ತದೆ. ಮೊಬೈಲ್‌ನಲ್ಲಿ ಸೆಕೆಂಡಿಗೆ 30 ಫ್ರೇಮ್ ತೆಗೆದು 25ರ ಪ್ರಸಾರಕ್ಕೆ ಹಾಕಿದರೆ ಚಲನೆ ಕುಕ್ಕುತ್ತದೆ, ಮೊಬೈಲ್‌ನಲ್ಲೇ 25 ಆರಿಸಬೇಕು. ಎಂಪೆಗ್-2 ಎಂಬ ಸಂಕೋಚನ ಪದ್ಧತಿಯಲ್ಲಿ ಸೆಕೆಂಡಿಗೆ 3 ಮೆಗಾಬಿಟ್‌ಗಿಂತ ಕೆಳಗಿಳಿದರೆ ಜಾತ್ರೆಯ ಜನಸಂದಣಿ ಚೌಕ ಚೌಕವಾಗಿ ಒಡೆಯುತ್ತದೆ. ಶಬ್ದಕ್ಕೆ ಇಡೀ ಕಾರ್ಯಕ್ರಮದ ಸರಾಸರಿ −23 ಎಲ್‌ಯುಎಫ್‌ಎಸ್ (ಶಬ್ದದ ಮಟ್ಟದ ಅಳತೆ) ಬರುವಂತೆ ಸಂಕಲನದಲ್ಲೇ ಹೊಂದಿಸಿ. ಅಂಗಿಗೆ ಸಿಕ್ಕಿಸುವ ಲ್ಯಾಪಲ್ ಮೈಕ್ ಇಲ್ಲದೆ ಕ್ಯಾಮೆರಾದ ಮೈಕ್‌ನಲ್ಲೇ ಮಾತು ಹಿಡಿದರೆ ಆಮೇಲೆ ಎಷ್ಟು ಏರಿಸಿದರೂ ಗಾಳಿಯೂ ಜೊತೆಗೆ ಏರುತ್ತದೆ. ನಂಬರ್ ಮಾತ್ರ ಎಂಎಸ್‌ಒ ಕೈಯಲ್ಲಿದೆ, ಪತ್ರ ಬರೆದು ಕೇಳಬೇಕು.

ತುಂಗಾತೀರ:
ಟ್ರಾಯ್ ಮುಂದೆ ಸಮಾಲೋಚನಾ ಪತ್ರ ಹೊರಡಿಸಿದಾಗ ಈ ಲೆಕ್ಕವನ್ನೇ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಕಳಿಸಬಹುದಲ್ಲವೇ?

ಲೆಕ್ಕದ ಪುಸ್ತಕ:
ಕಳಿಸಬಹುದು, ಯಾರಿಗಾದರೂ ಅವಕಾಶ ಇದೆ. ಒಂದು ತಿದ್ದುಪಡಿ ಸೇರಿಸಿ: 3.09ನ್ನು ಬಿಲ್ಲಿನಲ್ಲಿ ಪ್ರತ್ಯೇಕ ಸಾಲಾಗಿ ಹಾಕಿದರೆ ಅದಕ್ಕೂ ಶೇ. 18 ಜಿಎಸ್‌ಟಿ ಬಿದ್ದು ಮನೆಗೆ 3.65 ಆಗುತ್ತದೆ. ಪಾಲುದಾರರ ಆದಾಯದಿಂದ ತೆಗೆದರೆ ಬಿಲ್ ಬದಲಾಗುವುದಿಲ್ಲ. ಈ ವ್ಯತ್ಯಾಸವನ್ನು ಮೊದಲ ಪುಟದಲ್ಲೇ ಬರೆಯಬೇಕು.

ಪಾಳಿ ಸಂಪಾದಕಿ:
ಜೊತೆಗೆ ಒಂದು ತಿಂಗಳ ಪ್ರಸಾರ ದಾಖಲೆ ಬೇಕು. ಐದು ಕಾಲಂ ಸಾಕು: ದಿನಾಂಕ, ಶುರುವಾದ ಹೊತ್ತು, ಎಷ್ಟು ನಿಮಿಷ, ಹೊಸದೋ ಮರುಪ್ರಸಾರವೋ, ಹಣ ಕೊಟ್ಟವರು ಯಾರು. ಶಿವಮೊಗ್ಗ, ಉಡುಪಿ, ಕಲಬುರಗಿಯಿಂದ ಒಂದೊಂದು ಚಾನೆಲ್‌ನದು ಸಿಕ್ಕರೆ ನಾನು ಒಟ್ಟುಮಾಡಿ ಅಂಕ ಹಾಕಿ ಇಲ್ಲೇ ಹಾಕುತ್ತೇನೆ. ಐದನೇ ಕಾಲಂ ಖಾಲಿ ಬಿಡಬೇಡಿ.

ಬಿಸಿಲನಾಡು:
ಕಲಬುರಗಿದು ನಾ ತರಸ್ತೀನ್ರೀ ಮೇಡಂ. ಅದ ತಿಂಗಳ ಚಂದನದ್ದೂ ಐದು ಕಾಲಂ ತುಂಬಿಸಿ ಬಾಜುಕ್ಕ ಇಡೋಣು.